ತಾಯಿ ಕಾರ್ಡ್‌ನಲ್ಲಿದೆ, ಪೋರ್ಟಲ್‌ನಲ್ಲಿಲ್ಲ: ಲಸಿಕೆಯ ಲೆಕ್ಕವನ್ನು ಎಷ್ಟು ನಂಬಬಹುದು?

ಪ್ರಶ್ನೆ: ನನ್ನ ಮಗನಿಗೆ ಈಗ 14 ತಿಂಗಳು. ಹೆರಿಗೆ ತವರೂರು ಶಿರಸಿಯಲ್ಲಾಯಿತು. ಹುಟ್ಟಿದಾಗಿನ ಲಸಿಕೆ ಅಲ್ಲಿಯ ಆಸ್ಪತ್ರೆಯಲ್ಲಿ, ಒಂದೂವರೆ ತಿಂಗಳಿನದು ಅಮ್ಮನ ಮನೆ ಹತ್ತಿರದ ಅಂಗನವಾಡಿಯಲ್ಲಿ ಹಾಕಿಸಿದೆವು. ಉಳಿದದ್ದೆಲ್ಲ ದಾವಣಗೆರೆಯಲ್ಲಿ ಖಾಸಗಿ ಮಕ್ಕಳ ಡಾಕ್ಟರ ಹತ್ತಿರ. ಮೊನ್ನೆ ಆಶಾ ಅಕ್ಕ ಬಂದು, 'ನಿಮ್ಮ ಮಗುವಿಗೆ ಮೂರು ಲಸಿಕೆ ಬಾಕಿ ಅಂತ ಲಿಸ್ಟ್‌ನಲ್ಲಿದೆ' ಅಂದರು. ಕಾರ್ಡ್ ತೋರಿಸಿದೆ, ಎಲ್ಲವೂ ಬರೆದಿದೆ. ಅವರಿಗೂ ಗೊಂದಲವಾಯಿತು. ಒಂದು ಮಗುವಿನ ಲೆಕ್ಕವೇ ಹೀಗಿದ್ದರೆ, ದೇಶದ ಶೇ 93 ಮಕ್ಕಳಿಗೆ ಪೂರ್ತಿ ಲಸಿಕೆ ಆಗಿದೆ ಎಂಬ ಸರ್ಕಾರದ ಅಂಕಿಯನ್ನು ಹೇಗೆ ನಂಬುವುದು ಸಾರ್?

ಉತ್ತರ: ನಿಮ್ಮ ಮಗನ ಹೆಸರಿನ ಮುಂದೆ ಖಾಲಿ ಉಳಿದಿರುವ ಮೂರು ಜಾಗ ಮತ್ತು ಪತ್ರಿಕೆಯಲ್ಲಿ ಬಂದ ಶೇ 93, ಇವೆರಡೂ ಒಂದೇ ಪುಸ್ತಕದಿಂದ ಬಂದವಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಇಲಾಖೆಯ ಸಭೆಗಳಲ್ಲೂ ಇವೆರಡನ್ನು ಕಲಸಿ ಮಾತಾಡುವವರಿದ್ದಾರೆ.

ಮೊದಲನೆಯದು ಒಟ್ಟು ಲೆಕ್ಕ. ಗುರುವಾರ ಲಸಿಕೆ ಹಾಕಿದ ಮೇಲೆ ಸಿಸ್ಟರ್ ಟ್ಯಾಲಿ ಶೀಟ್‌ನಲ್ಲಿ ಗೆರೆ ಎಳೆಯುತ್ತಾರೆ. ಪೆಂಟಾ (ಐದು ರೋಗಗಳಿಗೆ ಒಂದೇ ಚುಚ್ಚುಮದ್ದು) ಮೊದಲ ಡೋಸ್ ಇಷ್ಟು, ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಇಷ್ಟು. ತಿಂಗಳ ಕೊನೆಗೆ ಉಪಕೇಂದ್ರದಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ), ಅಲ್ಲಿಂದ ತಾಲ್ಲೂಕಿಗೆ ಬರೀ ಸಂಖ್ಯೆಗಳು ಹೋಗುತ್ತವೆ. ಎಚ್‌ಎಂಐಎಸ್ ಅನ್ನುವ ಈ ವ್ಯವಸ್ಥೆ 2008ರಿಂದ ನಡೆಯುತ್ತಿದೆ. ಇದರಲ್ಲಿ ಯಾವ ಮಗುವಿನ ಹೆಸರೂ ಇಲ್ಲ. 2023-24ರಲ್ಲಿ ದೇಶದ ಪೂರ್ಣ ಲಸಿಕೆಯ ಪ್ರಮಾಣ ಶೇ 93.23 ಎಂದು ಕೇಂದ್ರ ಸರ್ಕಾರ ಹೇಳಿದ್ದು ಇಂಥ ಒಟ್ಟು ವರದಿಗಳ ಲೆಕ್ಕವನ್ನು.

ಎರಡನೆಯದು ಹೆಸರಿನ ಪಟ್ಟಿ. ಮೊದಲು ತಾಯಿ-ಮಗುವನ್ನು ಹಿಂಬಾಲಿಸಲು ಎಂಸಿಟಿಎಸ್ ಬಂತು, ಆಮೇಲೆ ಆರ್‌ಸಿಎಚ್ ಪೋರ್ಟಲ್ ಬಂತು, ಈಗ ಯು-ವಿನ್ ಬಂದಿದೆ. ಕೋವಿಡ್ ಕಾಲದ ಕೋ-ವಿನ್ ನೆನಪಿದೆಯಲ್ಲ, ಅದೇ ದಾರಿಯಲ್ಲಿ ಬಂದದ್ದು ಯು-ವಿನ್. 2023ರ ಜನವರಿಯಲ್ಲಿ 65 ಜಿಲ್ಲೆಗಳಲ್ಲಿ ಪ್ರಯೋಗವಾಗಿ ಶುರುವಾಗಿ, 2024ರಲ್ಲಿ ದೇಶದ ಉದ್ದಗಲಕ್ಕೂ ಹರಡಿತು. ಇದರಲ್ಲಿ ಒಂದೊಂದು ಮಗುವಿಗೂ ಒಂದೊಂದು ಖಾತೆ ಇರುತ್ತದೆ. ಯಾವ ದಿನ, ಎಲ್ಲಿ, ಯಾವ ಲಸಿಕೆ ಎಂಬುದೆಲ್ಲ ದಾಖಲಾಗಬೇಕು. ಆಶಾ ಅಕ್ಕನ ಕೈಗೆ ಬರುವ ಡ್ಯೂ ಲಿಸ್ಟ್, ಅಂದರೆ ಬಾಕಿ ಲಸಿಕೆಗಳ ಪಟ್ಟಿ, ಇಂಥ ಹೆಸರಿನ ಪಟ್ಟಿಯಿಂದ ತೆಗೆದದ್ದು.

ಇವೆರಡೂ ತಪ್ಪುತ್ತವೆ. ಆದರೆ ಒಂದೇ ದಿಕ್ಕಿಗೆ ತಪ್ಪುವುದಿಲ್ಲ. ನಮ್ಮಲ್ಲಿ ಒಟ್ಟು ಲೆಕ್ಕ ಸಾಮಾನ್ಯವಾಗಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಹೆಸರಿನ ಪಟ್ಟಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ನಿಜ ಸಿಗುತ್ತದೆ ಅಂದುಕೊಳ್ಳಬೇಡಿ. ಎರಡು ತಪ್ಪುಗಳ ಕಾರಣಗಳೇ ಬೇರೆ.

ಹೆಸರಿನ ಪಟ್ಟಿ ಯಾಕೆ ಕಡಿಮೆ ತೋರಿಸುತ್ತದೆ ಎಂಬುದಕ್ಕೆ ನಿಮ್ಮ ಮಗನೇ ಉದಾಹರಣೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಕಡೆ ಪದ್ಧತಿ. ಗರ್ಭಿಣಿಯ ನೋಂದಣಿ ಗಂಡನ ಊರಲ್ಲಿ ಆಗಿರುತ್ತದೆ. ಹೆರಿಗೆ ಇನ್ನೊಂದು ಜಿಲ್ಲೆಯಲ್ಲಿ. ಬಿಸಿಜಿ (ಕ್ಷಯರೋಗದ ಲಸಿಕೆ), ಹುಟ್ಟಿದಾಗಿನ ಪೋಲಿಯೋ ಹನಿ, ಹೆಪಟೈಟಿಸ್ ಬಿ ಆ ಆಸ್ಪತ್ರೆಯಲ್ಲೇ ಆಗುತ್ತವೆ. ಒಂದೂವರೆ, ಎರಡೂವರೆ ತಿಂಗಳಿನವು ತವರೂರಿನ ಅಂಗನವಾಡಿಯಲ್ಲಿ. ಮೂರೂವರೆ ತಿಂಗಳಿಗೋ ಐದು ತಿಂಗಳಿಗೋ ಬಾಣಂತಿ ವಾಪಸು ಬರುತ್ತಾಳೆ. ಅಷ್ಟರಲ್ಲಿ ಮಗು ಮೂರು ಕಡೆ ಮುಖ ತೋರಿಸಿರುತ್ತದೆ. ಹಳೇ ಐಡಿ ಹುಡುಕಿ ಅದರಲ್ಲೇ ಮುಂದುವರಿಸಿದರೆ ತೊಂದರೆ ಇಲ್ಲ. ಆದರೆ ಹೊರಗೆ ನಲವತ್ತು ತಾಯಂದಿರು ಕೂತಿದ್ದಾರೆ, ಮಕ್ಕಳು ಅಳುತ್ತಿವೆ, ಮೊಬೈಲ್‌ಗೆ ನೆಟ್‌ವರ್ಕ್ ಇಲ್ಲ. ಸಿಸ್ಟರ್ ಏನು ಮಾಡಬೇಕು? ಹೊಸ ಐಡಿ ಮಾಡುತ್ತಾರೆ, ಇಲ್ಲವೇ ಆಮೇಲೆ ಎಂಟ್ರಿ ಮಾಡೋಣ ಅಂತ ರಿಜಿಸ್ಟರ್‌ನಲ್ಲಿ ಬರೆದಿಡುತ್ತಾರೆ. ಆ 'ಆಮೇಲೆ' ಬಂದರೆ ಬಂತು.

ಇನ್ನು ಹೆಸರಿನದೇ ಒಂದು ಗೋಳು. ಹುಟ್ಟಿದಾಗ ಮಗುವಿಗೆ ಹೆಸರು ಇರುವುದಿಲ್ಲ, 'ಬೇಬಿ ಆಫ್' ಇಂಥವರು ಅಂತ ಇರುತ್ತದೆ. ನಾಮಕರಣದ ನಂತರ ಬೇರೆ ಹೆಸರು ಬರುತ್ತದೆ. ತಾಯಿಯ ಹೆಸರನ್ನು ಒಂದು ಕಡೆ ತವರಿನ ಇನಿಷಿಯಲ್ ಹಾಕಿ, ಇನ್ನೊಂದು ಕಡೆ ಗಂಡನ ಹೆಸರು ಸೇರಿಸಿ ಬರೆದಿರುತ್ತಾರೆ. ಮೊಬೈಲ್ ನಂಬರ್ ಒಮ್ಮೆ ಅಣ್ಣನದು, ಒಮ್ಮೆ ಗಂಡನದು. ಕಂಪ್ಯೂಟರಿಗೆ ಇದು ಎರಡು ಮಕ್ಕಳು. ಒಬ್ಬನಿಗೆ ಮೊದಲೆರಡು ಲಸಿಕೆ ಆಗಿ ಮುಂದಿನವು ಬಾಕಿ. ಇನ್ನೊಬ್ಬನಿಗೆ ಮೊದಲಿನವೇ ಇಲ್ಲ. ಪೂರ್ತಿ ಲಸಿಕೆ ಆದ ಒಂದು ಮಗು ಪೋರ್ಟಲ್‌ನಲ್ಲಿ ಅರ್ಧಕ್ಕೆ ಬಿಟ್ಟ ಇಬ್ಬರು ಮಕ್ಕಳಾಗಿ ಕಾಣುತ್ತದೆ.

ಖಾಸಗಿಯವರದು ಇನ್ನೂ ದೊಡ್ಡ ತೂತು. ನಗರಗಳಲ್ಲಿ ಬಹಳ ಮಕ್ಕಳಿಗೆ ಖಾಸಗಿ ಕ್ಲಿನಿಕ್‌ನಲ್ಲೇ ಲಸಿಕೆ. ಯು-ವಿನ್‌ನಲ್ಲಿ ಖಾಸಗಿಯವರೂ ನೋಂದಾಯಿಸಿಕೊಂಡು ಎಂಟ್ರಿ ಮಾಡಲು ಅವಕಾಶವಿದೆ. ಅವಕಾಶ ಇದ್ದ ಮಾತ್ರಕ್ಕೆ ಎಲ್ಲರೂ ಮಾಡುತ್ತಾರೆಯೇ? ಒಬ್ಬರೇ ಡಾಕ್ಟರು, ಒಬ್ಬ ರಿಸೆಪ್ಷನಿಸ್ಟ್ ಇರುವ ಕ್ಲಿನಿಕ್‌ನಲ್ಲಿ ಕಾರ್ಡ್‌ಗೆ ಸ್ಟಿಕರ್ ಅಂಟಿಸಿ ಸಹಿ ಹಾಕಿದರೆ ಕೆಲಸ ಮುಗಿಯಿತು. ಆ ಸ್ಟಿಕರ್‌ನಲ್ಲಿ ಇರುವುದು ಕಂಪನಿಯ ಹೆಸರು. ಆರು ರೋಗಗಳಿಗೆ ಒಂದೇ ಚುಚ್ಚುಮದ್ದು ಹಾಕಿದ್ದರೆ ಅದರಲ್ಲಿ ಸರ್ಕಾರಿ ಪಟ್ಟಿಯ ಪೆಂಟಾ ಇದೆ, ಪೋಲಿಯೋ ಇಂಜೆಕ್ಷನ್ ಕೂಡ ಇದೆ. ಎಂಎಂಆರ್ ಹಾಕಿದ್ದರೆ ಅದರಲ್ಲಿ ಎಂಆರ್ ಇದ್ದೇ ಇದೆ. ಆದರೆ 'ಪೆಂಟಾ' ಅನ್ನುವ ಪದ ಹುಡುಕುವ ಆಶಾಗೆ ಅದು ಎಲ್ಲಿ ಕಾಣಬೇಕು? ನಿಮ್ಮ ಮೂರು ಬಾಕಿ ಇದೇ ಇರಬಹುದು ಎಂದು ನನ್ನ ಊಹೆ: ಪೆಂಟಾದ ಎರಡನೇ, ಮೂರನೇ ಡೋಸ್, ಮತ್ತು ಒಂಬತ್ತು ತಿಂಗಳಿನ ಎಂಆರ್.

ಈಗ ಆ ಶೇ 93ಕ್ಕೆ ಬರೋಣ. ಇಲ್ಲಿ ಸಮಸ್ಯೆ ಇರುವುದು ಹಾಕಿದ ಡೋಸ್‌ಗಳ ಎಣಿಕೆಯಲ್ಲಿ ಅಷ್ಟಾಗಿ ಅಲ್ಲ, ಭಾಗಿಸುವ ಸಂಖ್ಯೆಯಲ್ಲಿ. ಮದುವೆ ಮನೆಯಲ್ಲಿ ಎಷ್ಟು ಎಲೆ ಹಾಕಿದೆವು ಅಂತ ಬಡಿಸುವವರನ್ನು ಕೇಳಿ, ಹೆಚ್ಚು ಕಡಿಮೆ ಸರಿಯಾಗಿ ಹೇಳುತ್ತಾರೆ. ಊಟ ಮಾಡದೆ ಹೋದವರು ಎಷ್ಟು ಜನ ಅಂತ ಕೇಳಿದರೆ ಹೇಳುವವರು ಯಾರು? ಪ್ರಮಾಣ ಹೇಳಬೇಕಾದರೆ ಆ ಊರಲ್ಲಿ ಒಂದು ವರ್ಷದೊಳಗಿನ ಮಕ್ಕಳು ಒಟ್ಟು ಎಷ್ಟು ಎಂದು ಗೊತ್ತಿರಬೇಕು. ನಮ್ಮ ಕೊನೆಯ ಜನಗಣತಿ 2011ರದು. 2021ರಲ್ಲಿ ನಡೆಯಬೇಕಿದ್ದದ್ದು ಮುಂದಕ್ಕೆ ಹೋಯಿತು. ಅಲ್ಲಿಯವರೆಗೆ ಹಳೇ ಜನಸಂಖ್ಯೆಯನ್ನು ಬೆಳೆಸುತ್ತಾ, ಜನನ ಪ್ರಮಾಣದಿಂದ ಗುಣಿಸಿ, ಈ ತಾಲ್ಲೂಕಿನಲ್ಲಿ ಇಷ್ಟು ಶಿಶುಗಳಿರಬೇಕು ಎಂದು ಅಂದಾಜು ಮಾಡುತ್ತಾರೆ. ಅದಕ್ಕೆ 'ಟಾರ್ಗೆಟ್' ಎಂದೂ ಕರೆಯುತ್ತಾರೆ. ಬೆಂಗಳೂರಿನ ಅಂಚಿನಲ್ಲಿ ಈ ಅಂದಾಜು ನಿಜಕ್ಕಿಂತ ತೀರಾ ಕಡಿಮೆ ಬರಬಹುದು, ಏಕೆಂದರೆ ಅಲ್ಲಿ ಹತ್ತು ವರ್ಷದಲ್ಲಿ ಹೊಸ ಊರುಗಳೇ ಎದ್ದಿವೆ. ಜನ ಗುಳೆ ಹೋಗುವ ತಾಲ್ಲೂಕುಗಳಲ್ಲಿ ಜಾಸ್ತಿ ಬರಬಹುದು. ಲಸಿಕೆ ಪ್ರಮಾಣ ಶೇ 104, ಶೇ 110 ಎಂದು ಬರುವ ಕಡೆ ಈ ಭಾಗಾಕಾರ ಕೆಟ್ಟಿರುತ್ತದೆ, ಇಲ್ಲವೇ ಪಕ್ಕದೂರಿನ ಮಕ್ಕಳು ಇಲ್ಲಿ ಎಣಿಕೆಯಾಗಿರುತ್ತಾರೆ. ದೊಡ್ಡ ಹೆರಿಗೆ ಆಸ್ಪತ್ರೆ ಇರುವ ಊರಿನಲ್ಲಿ ಬಿಸಿಜಿ ಯಾವಾಗಲೂ ಉಕ್ಕಿ ಹರಿಯುತ್ತದೆ, ಸುತ್ತಲ ಹಳ್ಳಿಗಳಲ್ಲಿ ಒಣಗಿರುತ್ತದೆ. ಲಸಿಕೆ ಹಾಕಿದ್ದು ಸುಳ್ಳಲ್ಲ, ಮಗು ಯಾವ ಊರಿನದು ಎಂಬುದು ಮಾತ್ರ ಕಲಸಿಹೋಗಿರುತ್ತದೆ.

ಶೇ 104 ಬಂದರೆ ಯಾರಾದರೂ ಪ್ರಶ್ನೆ ಕೇಳುತ್ತಾರೆ. ನಿಜವಾದ ಅಪಾಯ ಇರುವುದು ಶೇ 96 ಬಂದಾಗ, ಏಕೆಂದರೆ ಆಗ ಯಾರೂ ಕೇಳುವುದಿಲ್ಲ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ತಾಲ್ಲೂಕಿನಲ್ಲಿ ನಿಜವಾಗಿ 10,000 ಶಿಶುಗಳಿವೆ, 9,200 ಮಕ್ಕಳಿಗೆ ಲಸಿಕೆ ಆಗಿದೆ ಎಂದಿಟ್ಟುಕೊಳ್ಳಿ. ಪ್ರಮಾಣ ಶೇ 92, ಬಿಟ್ಟುಹೋದವರು 800. ಕಚೇರಿಯ ಅಂದಾಜು 9,600 ಇದ್ದರೆ ಪ್ರಮಾಣ ಶೇ 95.8 ಆಗುತ್ತದೆ, ಬಿಟ್ಟುಹೋದವರು 400 ಆಗುತ್ತಾರೆ. ಭಾಗಿಸುವ ಸಂಖ್ಯೆ ತಪ್ಪಿದ್ದು ನೂರಕ್ಕೆ ನಾಲ್ಕು ಮಾತ್ರ. ಆದರೆ ಲಸಿಕೆ ಸಿಗದ ಮಕ್ಕಳಲ್ಲಿ ಅರ್ಧದಷ್ಟು ಕಾಗದದಿಂದಲೇ ಮಾಯ! ಅದೇ ತಾಲ್ಲೂಕಿನಲ್ಲಿ 4,000 ಮಕ್ಕಳಿಗಷ್ಟೇ ಲಸಿಕೆ ಆಗಿದ್ದರೆ, ಇದೇ ತಪ್ಪಿನಿಂದ ಶೇ 40 ಹೋಗಿ ಸುಮಾರು ಶೇ 42 ಆಗುತ್ತಿತ್ತು. ಅದರಿಂದ ಯಾರ ತೀರ್ಮಾನವೂ ಬದಲಾಗುವುದಿಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇರುವುದೇ ಇಲ್ಲಿ. ಶೇ 40ರಿಂದ 80ಕ್ಕೆ ಏರಿದೆವೋ ಇಲ್ಲವೋ ಎಂದು ತಿಳಿಯಲು ಈ ಲೆಕ್ಕ ಸಾಕು. ಶೇ 92 ಇದೆಯೋ 96 ಇದೆಯೋ ಎಂದು ಹೇಳಲು ಇದಕ್ಕೆ ಶಕ್ತಿ ಇಲ್ಲ. ದುರದೃಷ್ಟಕ್ಕೆ ದಡಾರದ ಪ್ರಶ್ನೆ ಇರುವುದೇ ಆ ಜಾಗದಲ್ಲಿ. ದಡಾರ ಹರಡದಂತೆ ತಡೆಯಲು ಎರಡೂ ಡೋಸ್ ಶೇ 95 ಮಕ್ಕಳಿಗೆ ಮುಟ್ಟಬೇಕು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಪ್ರತಿ ವರ್ಷ ಜುಲೈನಲ್ಲಿ ದೇಶವಾರು ಅಂದಾಜು ಕೊಡುತ್ತವೆ. ಅದರ ಪ್ರಕಾರ ಪೆಂಟಾದ ಮೊದಲ ಡೋಸೂ ಸಿಗದ ಮಕ್ಕಳು ಭಾರತದಲ್ಲಿ 2023ರಲ್ಲಿ 16 ಲಕ್ಷ, 2024ರಲ್ಲಿ 9 ಲಕ್ಷ. ಈ ಇಳಿಕೆ ಸುಳ್ಳು ಅನ್ನುವುದು ನನ್ನ ಮಾತಲ್ಲ. ಆದರೆ ವರ್ಷಕ್ಕೆ ಸುಮಾರು 2.3 ಕೋಟಿ ಮಕ್ಕಳು ಹುಟ್ಟುವ ದೇಶದಲ್ಲಿ ಆ ಏಳು ಲಕ್ಷ ಅಂದರೆ ಬರೀ ಮೂರು ಶೇಕಡಾ. ಇಂಥ ಸಣ್ಣ ವ್ಯತ್ಯಾಸ ಅಳೆಯುವಾಗ ಭಾಗಿಸುವ ಸಂಖ್ಯೆ ಅಲುಗಾಡಬಾರದು.

ಬೇಕೆಂದೇ ಹೆಚ್ಚು ಬರೆಯುವುದಿಲ್ಲವೇ ಎಂದು ನೀವು ಕೇಳಬಹುದು. ಜಗತ್ತಿನ ಅನುಭವ ನೋಡಿದರೆ, ದುಡ್ಡು ಅಥವಾ ಮರ್ಯಾದೆ ಲೆಕ್ಕಕ್ಕೆ ತಗುಲಿಕೊಂಡ ಕಡೆ ಲೆಕ್ಕ ಉಬ್ಬುತ್ತದೆ. ಗಾವಿ ಎಂಬ ಅಂತರರಾಷ್ಟ್ರೀಯ ಲಸಿಕಾ ಒಕ್ಕೂಟ ಒಂದು ಕಾಲಕ್ಕೆ, ಹೆಚ್ಚುವರಿಯಾಗಿ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ಮೂರನೇ ಡೋಸ್ ಪಡೆದ ಪ್ರತಿ ಮಗುವಿಗೆ 20 ಡಾಲರ್‌ನಂತೆ ಬಡ ದೇಶಗಳಿಗೆ ಕೊಡುತ್ತಿತ್ತು. 2008ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಸರ್ಕಾರಗಳ ವರದಿಯನ್ನು ಮನೆಮನೆ ಸಮೀಕ್ಷೆಗಳ ಜೊತೆ ಹೋಲಿಸಿ ನೋಡಿತು. ವರದಿಯಲ್ಲಿ ಏರಿದಷ್ಟು ಮಕ್ಕಳು ಸಮೀಕ್ಷೆಯಲ್ಲಿ ಏರಿರಲಿಲ್ಲ. ನಮ್ಮಲ್ಲಿ ಆಶಾಗೆ ಒಂದು ಮಗುವಿನ ಮೊದಲ ವರ್ಷದ ಲಸಿಕೆ ಪೂರ್ತಿ ಮಾಡಿಸಿದ್ದಕ್ಕೆ 100 ರೂಪಾಯಿ ಪ್ರೋತ್ಸಾಹಧನ ಇದೆ. ನೂರು ರೂಪಾಯಿಗೆ ಸುಳ್ಳು ಬರೆಯುತ್ತಾರೆ ಅಂತ ಅವರ ಮೇಲೆ ಬೊಟ್ಟು ಮಾಡುವುದು ಸುಲಭ, ನನಗೆ ಅದು ಒಪ್ಪಿಗೆಯಿಲ್ಲ. ಒತ್ತಡ ಇರುವುದು ಮೇಲಿನಿಂದ. 'ನಿಮ್ಮ ಪಿಎಚ್‌ಸಿ ಮಾತ್ರ ಯಾಕೆ 88?' ಎಂದು ತಿಂಗಳ ಸಭೆಯಲ್ಲಿ ನಿಲ್ಲಿಸಿ ಕೇಳಿದರೆ, ಮುಂದಿನ ತಿಂಗಳು 95 ಬರುತ್ತದೆ. ಮಕ್ಕಳಿಗೆ ಲಸಿಕೆ ಬಿತ್ತೋ ಇಲ್ಲವೋ ಬೇರೆ ಮಾತು.

ಹಾಗಾದರೆ ಸಮೀಕ್ಷೆಯನ್ನೇ ನಂಬೋಣವೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಗೆ ಬಂದು ಕಾರ್ಡ್ ನೋಡುತ್ತಾರೆ, ಕಾರ್ಡ್ ಇಲ್ಲದಿದ್ದರೆ ತಾಯಿಯನ್ನು ಕೇಳುತ್ತಾರೆ. ಕರ್ನಾಟಕದಲ್ಲಿ 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ 2015-16ರಲ್ಲಿ ಶೇ 62.6 ಇದ್ದದ್ದು ಮುಂದಿನ ಸುತ್ತಿನಲ್ಲಿ ಶೇ 84.1 ಆಯಿತು. ದೇಶದಲ್ಲಿ ಶೇ 62ರಿಂದ 76.4ಕ್ಕೆ ಏರಿತು. ಶೇ 93 ಎಲ್ಲಿ, ಶೇ 76 ಎಲ್ಲಿ ಅಂತ ಹೌಹಾರಬೇಡಿ. ಇವೆರಡನ್ನು ಅಕ್ಕಪಕ್ಕ ಇಟ್ಟು ಸರ್ಕಾರ ಹದಿನೇಳು ಶೇಕಡಾ ಸುಳ್ಳು ಹೇಳಿತು ಅನ್ನುವವರಿದ್ದಾರೆ, ಅದು ಸರಿಯಲ್ಲ. ಐದನೇ ಸುತ್ತಿನ ಸಮೀಕ್ಷೆ ನಡೆದದ್ದು 2019-21ರಲ್ಲಿ, ಕರ್ನಾಟಕದಲ್ಲಂತೂ ಕೋವಿಡ್‌ಗಿಂತ ಮುಂಚೆ, 2019ರಲ್ಲೇ. ಶೇ 93 ಬಂದದ್ದು 2023-24ರದು. ವರ್ಷವೂ ಬೇರೆ, ಮಕ್ಕಳ ವಯಸ್ಸೂ ಬೇರೆ.

ಸಮೀಕ್ಷೆಗೂ ಅದರದೇ ಮಿತಿ ಇದೆ. ಮಗುವಿಗೆ ಎಷ್ಟು ಸಲ ಹನಿ ಹಾಕಿಸಿದಿರಿ ಅಂತ ಕೇಳಿದರೆ ಯಾವ ತಾಯಿಗೆ ನೆನಪಿರುತ್ತದೆ ಹೇಳಿ? ಪಲ್ಸ್ ಪೋಲಿಯೋ ಯಾವುದು, ಮಾಮೂಲಿ ಲಸಿಕೆ ಯಾವುದು ಎಲ್ಲ ಬೆರೆತುಹೋಗುತ್ತದೆ. ಅದೇ ಸಮೀಕ್ಷೆಯಲ್ಲಿ ಕಾರ್ಡ್ ತೋರಿಸಿದ ಮಕ್ಕಳನ್ನಷ್ಟೇ ತೆಗೆದುಕೊಂಡರೆ ದೇಶದ ಪ್ರಮಾಣ ಶೇ 76.4ರ ಬದಲು ಶೇ 83.8 ಆಗುತ್ತದೆ. ಕಾರ್ಡ್ ಇಲ್ಲದವರಿಗೆ ನಿಜಕ್ಕೂ ಲಸಿಕೆ ಕಡಿಮೆಯೋ, ಮರೆತಿದ್ದಾರೋ? ಎರಡೂ ಇರುತ್ತದೆ. ಇನ್ನು ಜಿಲ್ಲೆಗೆ ಬಂದರೆ, ಸರಾಸರಿ ಒಂಬೈನೂರು ಮನೆ ನೋಡಿದರೂ ಈ ವಯಸ್ಸಿನ ಮಕ್ಕಳು ಸಿಗುವುದು ನೂರಕ್ಕಿಂತ ಕಡಿಮೆ. ಅಷ್ಟರಲ್ಲಿ ದಾವಣಗೆರೆ 88, ಹಾವೇರಿ 82 ಅಂತ ಜಿಲ್ಲೆಗಳಿಗೆ ರ‍್ಯಾಂಕ್ ಕೊಡುವುದು ಸುಮ್ನೆ ಕಾಲಹರಣ. (ಈ ಎರಡು ಸಂಖ್ಯೆ ಮಾತಿಗೆ ಹೇಳಿದ್ದು.)

ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ ಬೇರೆ ಇದೆ. ಸಮೀಕ್ಷೆಗೆ ಊರು-ವಾರ್ಡ್ ಆರಿಸಿದ್ದೂ 2011ರ ಜನಗಣತಿಯ ಪಟ್ಟಿಯಿಂದಲೇ. ಅಂದರೆ ಆಮೇಲೆ ಹುಟ್ಟಿಕೊಂಡ ಬಡಾವಣೆ, ಕಟ್ಟಡ ಕೆಲಸದವರ ಶೆಡ್, ಕಬ್ಬು ಕಡಿಯುವವರ ಗುಡಿಸಲು, ಇವು ಇಲಾಖೆಯ ಲೆಕ್ಕ ಮತ್ತು ಸಮೀಕ್ಷೆ ಎರಡರಿಂದಲೂ ತಪ್ಪಿಸಿಕೊಳ್ಳಬಹುದು. ಒಂದು ತಪ್ಪನ್ನು ಇನ್ನೊಂದು ಹಿಡಿಯುತ್ತದೆ ಎಂದು ನಾವು ಧೈರ್ಯವಾಗಿರುತ್ತೇವೆ, ಎರಡಕ್ಕೂ ಅದೇ ಜಾಗ ಕುರುಡು. 2022ರ ಕೊನೆಯಲ್ಲಿ ಮುಂಬೈನ ಗೋವಂಡಿಯಂಥ ಕಿಕ್ಕಿರಿದ ಕೊಳೆಗೇರಿಗಳಲ್ಲಿ ದಡಾರ ಎದ್ದಿತಲ್ಲ, ಮಕ್ಕಳು ಸತ್ತರಲ್ಲ. ನಗರದ ಸರಾಸರಿ ಎಷ್ಟೇ ಚೆನ್ನಾಗಿರಲಿ, ದಡಾರವು ಲಸಿಕೆ ಮುಟ್ಟದ ಗಲ್ಲಿಯನ್ನು ಹುಡುಕಿಕೊಂಡು ಹೋಗುತ್ತದೆ.

ಹೆಸರಿನ ಪಟ್ಟಿ ಒಳ್ಳೆಯದಾಗಲು ಏನು ಬೇಕು ಎಂಬುದಕ್ಕೆ ಆಸ್ಟ್ರೇಲಿಯಾ ನೋಡಬೇಕು. ಅಲ್ಲಿ 1996ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ಮಕ್ಕಳ ಲಸಿಕೆ ರಿಜಿಸ್ಟರ್ ಇದೆ. ಅದಕ್ಕೆ ಅಡಿಪಾಯ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ. ವರ್ಷ ತುಂಬುವುದರೊಳಗೆ ಸುಮಾರು ಶೇ 99 ಮಕ್ಕಳ ಹೆಸರು ಅದರಲ್ಲಿ ಸೇರಿರುತ್ತದೆ. ಹಾಗಾಗಿ ಭಾಗಿಸುವ ಸಂಖ್ಯೆಗೆ ಅಂದಾಜಿನ ಹಂಗಿಲ್ಲ. ಮಗು ಮೊದಲೇ ಪಟ್ಟಿಯಲ್ಲಿದೆ, ಲಸಿಕೆ ಆಮೇಲೆ ಸೇರುತ್ತದೆ. ನಮ್ಮಲ್ಲಿ ಎಷ್ಟೋ ಕಡೆ ಲಸಿಕೆಗೆ ಬಂದಾಗಲೇ ಮಗುವಿನ ಹೆಸರು ಸೇರುವುದು, ಬರದೇ ಇದ್ದ ಮಗು ಪಟ್ಟಿಯಲ್ಲೇ ಇರುವುದಿಲ್ಲ. ಇಷ್ಟಿದ್ದರೂ ಅಲ್ಲಿ ಡಾಕ್ಟರುಗಳು ಕಳಿಸಲು ಮರೆತ ಡೋಸ್‌ಗಳಿಂದ ಪ್ರಮಾಣ ಕಡಿಮೆ ಕಾಣುತ್ತಿತ್ತು. ಅದಕ್ಕೆ ಒಂದು ಉಪಾಯ ಮಾಡಿದರು. ಮೂರನೇ ಡೋಸ್ ದಾಖಲಾಗಿದ್ದರೆ ಮೊದಲೆರಡೂ ಆಗಿವೆ ಎಂದೇ ಲೆಕ್ಕ ಹಿಡಿಯುವುದು. ನ್ಯಾಯವಾದ ಉಪಾಯವೇ. ರಾಷ್ಟ್ರೀಯ ಲಸಿಕಾ ಪಟ್ಟಿಯ ಎಲ್ಲ ಡೋಸ್‌ಗಳ ವರದಿ ಅಲ್ಲಿ ಕಡ್ಡಾಯವಾದದ್ದು 2021ರ ಜುಲೈನಿಂದ. ಆದರೂ ಹೊರದೇಶದಿಂದ ಹೋದ ಮಕ್ಕಳ ತೊಡಕು ಉಳಿದೇ ಇದೆ. ಇಲ್ಲಿಂದ ಮೆಲ್ಬರ್ನ್‌ಗೆ ಹೋದ ಕನ್ನಡದ ಕುಟುಂಬದ ಮಗು, ಇಲ್ಲಿಯ ಕಾರ್ಡ್ ತೋರಿಸಿ ಎಂಟ್ರಿ ಮಾಡಿಸುವವರೆಗೆ, ಅಲ್ಲಿನ ರಿಜಿಸ್ಟರ್ ಪ್ರಕಾರ ಲಸಿಕೆ ಇಲ್ಲದ ಮಗುವೇ.

ನಮ್ಮ ಲೆಕ್ಕದಲ್ಲಿ ಕೆಲಸಕ್ಕೆ ಬರುವ ಭಾಗ ಇಲ್ಲವೆಂದಲ್ಲ. ಪೆಂಟಾ ಒಂದನೇ ಡೋಸ್ ಎಷ್ಟು, ಮೂರನೇ ಡೋಸ್ ಎಷ್ಟು ಎಂದು ಹೋಲಿಸಿದರೆ ನಡುವೆ ಬಿಟ್ಟವರು ಎಷ್ಟು ಎಂದು ಗೊತ್ತಾಗುತ್ತದೆ. ಇದಕ್ಕೆ ಜನಸಂಖ್ಯೆಯ ಅಂದಾಜೇ ಬೇಡ. ಹಾಗಾಗಿ ನಾನು ಪೂರ್ಣ ಲಸಿಕೆಯ ಶೇಕಡಾವಾರಿಗಿಂತ ಇದನ್ನು ಮೊದಲು ನೋಡುತ್ತೇನೆ. ಒಂದನೆಯದಕ್ಕಿಂತ ಮೂರನೆಯದೇ ತಿಂಗಳಿಂದ ತಿಂಗಳಿಗೆ ಜಾಸ್ತಿ ಬರುತ್ತಿದ್ದರೆ ಆ ಪಿಎಚ್‌ಸಿಯ ರಿಜಿಸ್ಟರ್ ತೆಗೆಸಿ ನೋಡಬೇಕು. ಖಾಲಿಯಾದ ವಯಲ್‌ಗಳ ಜೊತೆ ಡೋಸ್‌ಗಳನ್ನು ತಾಳೆ ನೋಡುವುದೂ ಒಳ್ಳೆಯ ಪರೀಕ್ಷೆ, ಬರೆದ ಡೋಸ್‌ಗಳು ಖರ್ಚಾದ ಲಸಿಕೆಗಿಂತ ಜಾಸ್ತಿ ಇರಲು ಸಾಧ್ಯವಿಲ್ಲವಲ್ಲ. ಎಲ್ಲಕ್ಕಿಂತ ಮೇಲು ಹೆಡ್ ಕೌಂಟ್: ಮನೆ ಮನೆಗೆ ಹೋಗಿ ಮಕ್ಕಳನ್ನು ಎಣಿಸಿ ಪಟ್ಟಿಗೆ ಹೋಲಿಸುವುದು. 2014ರ ಡಿಸೆಂಬರಿನಲ್ಲಿ ಶುರುವಾದ ಮಿಷನ್ ಇಂದ್ರಧನುಷ್ ಬಲ ಪಡೆದದ್ದು ಇದರಿಂದಲೇ, ಯಾರು ಬಿಟ್ಟುಹೋಗಿದ್ದಾರೆ ಎಂದು ಮೊದಲು ಹುಡುಕಿ ಆಮೇಲೆ ಲಸಿಕೆ ಒಯ್ದದ್ದು. ಯು-ವಿನ್ ಕೂಡ ಜನನ ನೋಂದಣಿಯ ಜೊತೆ ಗಟ್ಟಿಯಾಗಿ ಹೆಣೆದುಕೊಂಡು, ಹುಟ್ಟಿದ ಮಗುವಿನ ಖಾತೆ ತಾನೇ ತೆರೆಯುವಂತಾದರೆ ಮತ್ತು ಖಾಸಗಿಯವರ ಎಂಟ್ರಿ ತಪ್ಪದೆ ಬಂದರೆ, ನಾನು ಮೇಲೆ ಹೇಳಿದ ಗೋಳಿನಲ್ಲಿ ಮುಕ್ಕಾಲು ಪಾಲು ಕಡಿಮೆಯಾಗುತ್ತದೆ.

ಇನ್ನು ನಿಮ್ಮ ಮಗನ ವಿಷಯ. ಕಾರ್ಡ್ ಇದೆ, ಡಾಕ್ಟರ ಸಹಿ ಮತ್ತು ತಾರೀಖು ಇದೆ. ಅದೇ ನಿಜವಾದ ದಾಖಲೆ, ಪೋರ್ಟಲ್ ಅಲ್ಲ. ಪೋರ್ಟಲ್‌ನಲ್ಲಿ ಇಲ್ಲ ಎಂಬ ಒಂದೇ ಕಾರಣಕ್ಕೆ ಮತ್ತೆ ಲಸಿಕೆ ಹಾಕಿಸಬೇಡಿ. ಕಾರ್ಡ್ ಕಳೆದುಹೋಗಿದ್ದರೆ ಮಾತು ಬೇರೆ. ಆಗ ಆಗಿಲ್ಲ ಎಂದೇ ತಿಳಿದು ವಯಸ್ಸಿಗೆ ತಕ್ಕಂತೆ ಡಾಕ್ಟರು ಮತ್ತೆ ಹಾಕುತ್ತಾರೆ, ಒಂದು ಡೋಸ್ ಹೆಚ್ಚು ಬಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಗುರುವಾರ ಲಸಿಕೆ ನಡೆಯುವಾಗ ಕಾರ್ಡ್ ಹಿಡಿದು ಹೋಗಿ, ತವರಿನ ಆಸ್ಪತ್ರೆಯಲ್ಲಿ ಕೊಟ್ಟ ಐಡಿ ಮತ್ತು ಆಗ ಕೊಟ್ಟಿದ್ದ ಮೊಬೈಲ್ ನಂಬರ್ ಹೇಳಿ. ಹಳೇ ಖಾತೆಯಲ್ಲೇ ಎಂಟ್ರಿ ಮಾಡಲು ಸಿಸ್ಟರ್‌ಗೆ ಅನುಕೂಲವಾಗುತ್ತದೆ. ಸ್ಟಿಕರ್‌ನಲ್ಲಿರುವ ಹೆಸರು ಯಾವ ಲಸಿಕೆಯದು ಎಂದು ನಿಮ್ಮ ಡಾಕ್ಟರ ಹತ್ತಿರ ಪಕ್ಕದಲ್ಲೇ ಬರೆಸಿಕೊಂಡು ಹೋದರೆ ಇನ್ನೂ ಒಳ್ಳೆಯದು. ಹಾಗೇ ಒಂದು ವಿಷಯ ಕೇಳಿಕೊಂಡು ಬನ್ನಿ: ಕೆಲವು ಖಾಸಗಿ ಡಾಕ್ಟರು ಪೋಲಿಯೋ ಇಂಜೆಕ್ಷನ್ ಹಾಕಿ ಬಾಯಿಗೆ ಹಾಕುವ ಹನಿ ಬಿಟ್ಟಿರುತ್ತಾರೆ. ಬಾಕಿ ಇರುವ ಮೂರರಲ್ಲಿ ಒಂದು ಅದೇ ಆಗಿದ್ದರೆ ಆಶಾ ಅಕ್ಕನ ಲಿಸ್ಟ್ ಅಷ್ಟರ ಮಟ್ಟಿಗೆ ಸರಿ ಇದೆ, ಹನಿ ಹಾಕಿಸಿಕೊಂಡೇ ಬನ್ನಿ. 16 ತಿಂಗಳು ತುಂಬಿದ ಮೇಲೆ ಎಂಆರ್ ಎರಡನೇ ಡೋಸ್ ಮತ್ತು ಡಿಪಿಟಿ ಬೂಸ್ಟರ್ ಇವೆ. ಅವನ್ನು ಎಲ್ಲೇ ಹಾಕಿಸಿದರೂ ಅಂದೇ ಪೋರ್ಟಲ್‌ನಲ್ಲಿ ಎಂಟ್ರಿ ಆಯಿತೇ ಎಂದು ಕೇಳಿ, ಕಾರ್ಡ್‌ನ ಒಂದು ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.